ಮಾವನ ಕಾಮೆಂಟರಿ

ಎಲ್ಲಕ್ಕೂ ಕಾರಣ ಒಂದು ತಂತಿ. ಟಿ.ವಿ.ಯವರ ಮೈಕಿನಿಂದ ಹೊರಟ ಆ ತಂತಿಯನ್ನು ಯಾರೋ ಕ್ರೀಡಾಂಗಣದ ಧ್ವನಿವರ್ಧಕಕ್ಕೂ ಸಿಕ್ಕಿಸಿಬಿಟ್ಟಿದ್ದರು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ಕೂತಿದ್ದ ಮಾಸ್ತರರಿಗೆ ಇದು ಗೊತ್ತಿರಲಿಲ್ಲ.

ಇಪ್ಪತ್ತೆಂಟು ವರ್ಷ ಬಾಕ್ಸಿಂಗ್ ಕಲಿಸಿ, ಮಂಡಿ ಸವೆದ ಮೇಲೆ ಅವರು ಕಾಮೆಂಟರಿಗೆ ಬಂದಿದ್ದರು. ಇದು ಅವರ ಮೊದಲ ಫೈನಲ್. ಕೆಂಪು ಗ್ಲೌಸಿನವನು ಅವರೇ ತಿದ್ದಿ ತೀಡಿದ ಶಿಷ್ಯ, ಮೇಲಾಗಿ ಸ್ವಂತ ಅಳಿಯ. ಅಳಿಯನ ಪರ ಒಂದು ಮಾತು ಬಂದರೂ ನಾಳೆಯಿಂದ ಮನೆಯಲ್ಲೇ ಇರಿ ಎಂದು ಚಾನೆಲ್ಲಿನ ಮ್ಯಾನೇಜರು ಬೆಳಗ್ಗೆಯಿಂದ ಮೂರು ಸಲ ಎಚ್ಚರಿಸಿದ್ದರು.

ಹೆದರಿದ ಮಾಸ್ತರರು ಮೊದಲ ಸುತ್ತಿನಲ್ಲಿ ಅಳಿಯನನ್ನು ಹೊಗಳಲಿಲ್ಲ. ಎರಡನೆಯದರಲ್ಲಿ, ಇವನ ಹೆಜ್ಜೆ ಬೀರು ಹೊತ್ತು ಮೆಟ್ಟಿಲು ಹತ್ತುವವನ ಹಾಗಿದೆ ಎಂದರು. ಪಕ್ಕದಲ್ಲಿ ಅಂಥದೇ ಹೆಡ್‌ಫೋನ್ ಹಾಕಿ ಕೂತಿದ್ದ ಜೊತೆಗಾರ, ಇನ್ನಷ್ಟು ಬಿಡಿಸಿ ಹೇಳಿ ಸಾರ್ ಎಂದು ಹುರಿದುಂಬಿಸಿದ.

"ನೋಡಿ, ದಣಿದ್ರೆ ಇವನು ಎಡಗೈ ಇಳಿಸ್ತಾನೆ. ಎಷ್ಟು ಬೈದ್ರೂ ಬಿಡ್ಲಿಲ್ಲ. ಈಗ ದವಡೆಗೊಂದು ಬಲಗೈ ಬಿದ್ರೆ ಮುಗೀತು."

ನೀಲಿ ಗ್ಲೌಸಿನವನು ಮಾಸ್ತರರ ಕಡೆ ತಿರುಗಿ, ದಾರಿ ಕೇಳಿ ತಿಳಿದುಕೊಂಡವನಂತೆ ತಲೆಯಾಡಿಸಿದ. ಮರುಕ್ಷಣ ಬಲಗೈ ಬೀಸಿದ. ಗೋಡೆಗೆ ಒರಗಿಸಿದ ಹಾಸಿಗೆ ಜಾರಿದಂತೆ ಅಳಿಯ ನೆಲಕ್ಕಿಳಿದ.

ಮಾಸ್ತರರು ಹೆಡ್‌ಫೋನ್ ಕಿತ್ತು "ಅಯ್ಯೋ" ಎಂದರು. ಅವರದೇ ದನಿ ನಾಲ್ಕೂ ಮೂಲೆಯಿಂದ "ಅಯ್ಯೋ" ಎಂದಿತು. ಮುಂದಿನ ಸಾಲಿನಲ್ಲಿದ್ದ ಮಗಳು ರಿಂಗನ್ನು ಬಿಟ್ಟು ಅಪ್ಪನನ್ನೇ ನೋಡುತ್ತಿದ್ದಳು. ಹತ್ತು ಎಣಿಸಿದರೂ ಅಳಿಯ ಏಳಲಿಲ್ಲ.

ತೀರ್ಪುಗಾರರು ತಲೆಗೆ ತಲೆ ಸೇರಿಸಿ ವಿಡಿಯೋ ನೋಡಿದರು. ಬಹಳ ಹೊತ್ತಿನ ಮೇಲೆ ಘೋಷಣೆ ಬಂತು: ನೀಲಿಯವನು ಹೊರಗಿನವರ ಸಲಹೆ ಪಡೆದು ಹೊಡೆದಿದ್ದಾನೆ, ಆದ್ದರಿಂದ ಅನರ್ಹ, ಕೆಂಪಿನವನೇ ಚಾಂಪಿಯನ್. ಸ್ಟ್ರೆಚರಿನ ಮೇಲೆ ಅರೆಗಣ್ಣಲ್ಲಿ ಮಲಗಿದ್ದ ಅಳಿಯನ ಕೈಯನ್ನು ರೆಫರಿ ಬಗ್ಗಿ ಎತ್ತಿ ಹಿಡಿದ.

ಮಾಸ್ತರರು ಉಸಿರು ಬಿಡುವಷ್ಟರಲ್ಲಿ ಮ್ಯಾನೇಜರು ಬಂದು ಅವರ ಕೊರಳಿನ ಗುರುತಿನ ಚೀಟಿ ಬಿಚ್ಚಿಕೊಂಡರು.

"ಅಳಿಯನ್ನ ಗೆಲ್ಸೋಕೆ ಇಂಥ ಉಪಾಯ ನಾನು ಎಲ್ಲೂ ನೋಡಿಲ್ಲ ಸಾರ್."

ಮಾಸ್ತರರು ಸ್ಟ್ರೆಚರಿನ ಹಿಂದೆ ಓಡಿದರು. ಮಗಳು ಆಂಬುಲೆನ್ಸಿನ ಬಾಗಿಲಲ್ಲೇ ತಡೆದಳು.

"ಬೀಳ್ಸಿದ್ದು ನೀವು ಅಂತ ಇವರಿಗೆ ಗೊತ್ತು ಅಪ್ಪಾ. ಗೆದ್ದಿದ್ದು ಇನ್ನೂ ಗೊತ್ತಿಲ್ಲ. ನೀವೇ ಹೇಳಿ," ಎಂದಳು. ಆಮೇಲೆ ಗಂಡನ ಬಲಗೈಯನ್ನೊಮ್ಮೆ ನೋಡಿದಳು. "ಸ್ವಲ್ಪ ದೂರ ನಿಂತು ಹೇಳಿ."