ಅತ್ತೆಗೊಂದು ಪಬ್ಬು

ರಿಚ್ಮಂಡ್ ಹಿಲ್‌ನಿಂದ ನ್ಯೂಮಾರ್ಕೆಟ್‌ವರೆಗೆ ನನ್ನ ಸೋದರಮಾವ ನುಗ್ಗದ ಪಬ್ಬಿಲ್ಲ. ಹಾಗೆಂದು ಅವರ ಬಾಯಿಗೆ ಇವತ್ತಿನವರೆಗೆ ಒಂದು ಹನಿ ಬಿಯರು ಬಿದ್ದಿಲ್ಲ! ಮತ್ತೇಕೆ ಹೋಗುತ್ತಾರೆ? ತೊಲೆ ತಟ್ಟಿ ನೋಡಲು.

ಮಾವ ನಿವೃತ್ತ ಸ್ಟ್ರಕ್ಚರಲ್ ಇಂಜಿನಿಯರು. ಓದಲು ಇಂಗ್ಲೆಂಡಿಗೆ ಹೋದ ಹೊಸದರಲ್ಲಿ ಇವರ ಮೈಬಣ್ಣ ನೋಡಿ ಯಾರೂ ರೂಮು ಕೊಡಲಿಲ್ಲವಂತೆ. ಕೊನೆಗೆ ಹಳ್ಳಿಯೊಂದರ ಪುರಾತನ ಪಬ್ಬಿನ ಯಜಮಾನಿ ಅಟ್ಟದ ಕೋಣೆ ಬಿಟ್ಟುಕೊಟ್ಟಳು. ಓಕ್ ಮರದ ತೊಲೆಗಳು, ತಗ್ಗು ಬಾಗಿಲು, ಆಳು ನಿಲ್ಲುವಷ್ಟು ದೊಡ್ಡ ಅಗ್ಗಿಷ್ಟಿಕೆ. ಆ ಮನೆಯನ್ನು ಅತ್ತೆಗೆ ತೋರಿಸಬೇಕೆಂಬುದು ಮಾವನ ಬಹುದಿನದ ಆಸೆ. ಅಷ್ಟರಲ್ಲಿ ಅತ್ತೆಯ ಹೃದಯ ಕೈಕೊಟ್ಟಿತು. ಡಾಕ್ಟರು ಇನ್ನು ವಿಮಾನದ ಮಾತೆತ್ತಬೇಡಿ ಎಂದುಬಿಟ್ಟರು. ಸರಿ, ಅಂಥದ್ದೊಂದನ್ನು ನಾವು ವಲಸೆ ಬಂದು ನೆಲೆಸಿದ ಈ ದೇಶದಲ್ಲೇ ಹುಡುಕುತ್ತೇನೆಂದು ಮಾವ ಹೊರಟರು. ಕಾರು ಓಡಿಸುವ ಕೆಲಸ, ಅವರ ಬೇಸ್‌ಮೆಂಟಿನಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದ ನನ್ನದು.

ಮೊದಲನೆಯದು ಪ್ಲಾಜಾವೊಂದರಲ್ಲಿ, ಹಲ್ಲಿನ ಡಾಕ್ಟರ ಪಕ್ಕಕ್ಕಿತ್ತು. ಮಾವ ಜಿಂಜರ್ ಏಲ್ ಎಂಬ ಶುಂಠಿ ಸೋಡಾ ತರಿಸಿ, ಕುರ್ಚಿ ಹತ್ತಿ, ಹಲಸಿನ ಹಣ್ಣು ಕೊಳ್ಳುವವರ ಹಾಗೆ ತೊಲೆ ತಟ್ಟಿ ಕಿವಿಯಿಟ್ಟು ಆಲಿಸಿ, ಥರ್ಮೋಕೋಲು ಎಂದು ತೀರ್ಪಿತ್ತರು. ಓಡಿಬಂದ ಮ್ಯಾನೇಜರಿಗೆ, ಪಾಪ, ಈ ತೊಲೆ ಏನನ್ನೂ ಹೊತ್ತಿಲ್ಲವೆಂದು ದುಃಖದಿಂದ ವಿವರಿಸಿದರು. ಬಿಲ್ಲು ಬಹಳ ಬೇಗ ಬಂತು.

ಇನ್ನೊಂದು ಕಡೆ ಅಗ್ಗಿಷ್ಟಿಕೆಯೊಳಗೆ ತಲೆ ತೂರಿಸಿ ಹೊಗೆಗೂಡು ಹುಡುಕಿದರು. ಸಿಕ್ಕಿದ್ದು ಕರೆಂಟಿನ ಪ್ಲಗ್ಗು!

ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ನಾನು ಸುಮ್ಮನಿರುತ್ತೇನೆಯೇ? ಇಂಗ್ಲೆಂಡೂ ಇಲ್ಲದ, ಹಳ್ಳಿಯೂ ಇಲ್ಲದ ಮೇಲೆ ಅದು ಇಂಗ್ಲಿಷ್ ಹಳ್ಳಿಯ ಪಬ್ಬು ಹೇಗಾದೀತೆಂದು ದಾರಿಯುದ್ದಕ್ಕೂ ವಾದಿಸುತ್ತಿದ್ದೆ.

"ಸ್ವಲ್ಪ ಸುಮ್ನಿರೋ, ಜಿಪಿಎಸ್ ಏನೋ ಹೇಳ್ತಿದೆ," ಎನ್ನುತ್ತಿದ್ದರು ಮಾವ.

ಕೊನೆಗೂ ಒಂದು ಸಿಕ್ಕಿತು. ಮೊಳೆ ಹೊಡೆಯದೆ, ಮರದ ಗೂಟದಿಂದಲೇ ಜೋಡಿಸಿದ ಅಸಲಿ ಓಕ್. ಮಾವ ತೊಲೆ ತಟ್ಟಿದರು, ಕಣ್ಣರಳಿಸಿದರು. ಪಬ್ಬಿನ ಮೆಟ್ಟಿಲನ್ನೇ ತುಳಿಯದ ಅತ್ತೆ ಒಂದು ಷರತ್ತು ಹಾಕಿದರು: ಅಡಿಗೆಮನೆಯಲ್ಲಿ ಮಾಂಸ ಬೇಯುವ ಮೊದಲೇ ಹೋಗಿಬರಬೇಕು. ಪುಣ್ಯಕ್ಕೆ ಪಬ್ಬಿನವನು ಒಪ್ಪಿ, ನಮಗಾಗಿ ಬೆಳಿಗ್ಗೆಯೇ ಬಾಗಿಲು ತೆಗೆದ.

ಬಾಗಿಲಲ್ಲೇ ನನ್ನ ನಾಲಿಗೆ ತುರಿಸಿತು. "ಅತ್ತೆ, ಇದು ಮೊನ್ನೆ ಮೊನ್ನೆ ಇಲ್ಲೇ ಕಟ್ಟಿದ್ದು. ಬರೀ ಕಾಪಿ."

ಅತ್ತೆ ಬೂಟು ಬಿಚ್ಚುತ್ತಿದ್ದರು. "ನಾವು ಶನಿವಾರ ಹೋಗೋ ದೇವಸ್ಥಾನಾನೂ ಇಲ್ಲೇ ಕಟ್ಟಿದ್ದಲ್ವೇನೋ?"

ನಾನೂ ಬಗ್ಗಿ ಬೂಟಿನ ಲೇಸು ಬಿಚ್ಚಿದೆ.

ತಗ್ಗು ಬಾಗಿಲಿಗೆ ಬಗ್ಗಿದ ಅತ್ತೆ, ದೇವಸ್ಥಾನದ ಅಭ್ಯಾಸಕ್ಕೋ ಏನೋ, ಪಬ್ಬಿನ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು! ಮಾವ ಗೂಟ, ಗೋಡೆ, ಸೂರು ಎಂದು ಪಾಠ ಶುರುಮಾಡುವವರಿದ್ದರು. ಅತ್ತೆ ನಡುವೆಯೇ ಕೇಳಿದರು: "ಆಗ ಅಲ್ಲಿ ನೀವು ಒಬ್ರೇ ಕೂತು ಊಟ ಮಾಡ್ತಿದ್ದಿದ್ದು ಎಲ್ಲಿ ರೀ?"

ಮಾವ ಅಗ್ಗಿಷ್ಟಿಕೆಯ ಪಕ್ಕದ ಬೆಂಚು ತೋರಿಸಿದರು. ಅತ್ತೆ ಹೋಗಿ ಅಲ್ಲಿ ಕೂತರು. ಬೆಂಕಿಯನ್ನೊಮ್ಮೆ ನೋಡಿ, ಸೆರಗು ಎಳೆದುಕೊಂಡು, ಸ್ವಲ್ಪ ಸರಿದು ಪಕ್ಕದಲ್ಲಿ ಮಾವನಿಗೆ ಜಾಗ ಮಾಡಿಕೊಟ್ಟರು.