ಪ್ಯಾಡಲ್ ಗುರುಗಳ ಬ್ಲಾಗು

"ಬರೆದಿಟ್ಕೋ ಜಗದಾಂಬ! ಇನ್ನೊಂದು ವರ್ಷಕ್ಕೆ ಪ್ಯಾಡಲ್ ಬೋರ್ಡ್ ಅಂದ್ರೆ ಹೆತ್ತೂರು, ಹೆತ್ತೂರು ಅಂದ್ರೆ ದೇವೇಂದ್ರ!"

ಹೀಗೆಂದು ಘೋಷಿಸಿದ ದೇವೇಂದ್ರ ಹೆತ್ತೂರಿನ ಕಾಫಿ ಬೆಳೆಗಾರ. ತೋಟದ ಕೆರೆಯಲ್ಲಿ ಹೊಸದಾಗಿ ಪ್ಯಾಡಲ್ ಬೋರ್ಡ್ ಶಾಲೆ ತೆರೆದಿದ್ದ. ಗಾಳಿ ತುಂಬಿದ ಉದ್ದನೆಯ ಹಲಗೆಯ ಮೇಲೆ ನೆಟ್ಟಗೆ ನಿಂತು, ಹುಟ್ಟು ಹಾಕುತ್ತ ತೇಲುವ ವಿದ್ಯೆ ಅದು. ಶಾಲೆಗೆ ಹಲಗೆಯಿತ್ತು, ಹುಟ್ಟಿತ್ತು, ಗೇಟಿನಲ್ಲಿ ಬಣ್ಣದ ನಾಮಫಲಕವೂ ಇತ್ತು. ಇಲ್ಲದ್ದು ಎರಡೇ: ಶಿಷ್ಯರು, ಮತ್ತು ಗುರುಗಳಿಗೆ ವಿದ್ಯೆ!

ಹಲಗೆಯ ಮೇಲೆ ಮಂಡಿಯೂರಿ ಕೂತರೆ ತೊಂದರೆಯಿರಲಿಲ್ಲ. ಎದ್ದು ನಿಂತರೆ ಮಾತ್ರ ಕೆರೆ ಕೈಬೀಸಿ ಕರೆಯುತ್ತಿತ್ತು, ಇವನೂ ಮರ್ಯಾದಸ್ಥನಂತೆ ಹೋಗಿಬಿಡುತ್ತಿದ್ದ.

"ಮೊದ್ಲು ನಿಲ್ಲೋದು ಕಲೀರಿ. ಬ್ಲಾಗು ಆಮೇಲೆ ಬರೀರಂತೆ," ಎಂದಳು ಹೆಂಡತಿ ಜಗದಾಂಬ. ತೋಟ ನಡೆಸುವವಳು ಅವಳೇ. ಇವನು ತೋಟದ ಮಾಲೀಕ ಅಷ್ಟೇ.

"ನಿಂಗೊತ್ತಾಗಲ್ಲ. ಮೊದ್ಲು ಹೆಸರು ಬರ್ಬೇಕು. ಆಮೇಲೆ ಕಾಲು ತಾವಾಗೇ ನಿಲ್ತವೆ!"

ಬ್ಲಾಗಿಗೆ ‘ಅಲೆಗಳ ಅಧಿಪತಿ’ ಎಂದು ಹೆಸರಿಟ್ಟ.

"ನಮ್ ಕೆರೇಲಿ ಅಲೆ ಎಲ್ಲೈತ್ರೀ? ಎಮ್ಮೆ ಇಳಿದ್ರೆ ಒಂದೆರಡು ಏಳ್ತವೆ ಅಷ್ಟೇ."

ದೇವೇಂದ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಹಲಗೆಯ ಮೇಲೆ ತಾನು ಧೀರನಂತೆ ನಿಂತ ಚಿತ್ರ ಹಾಕಿದ. ಅದರ ಮರುಕ್ಷಣದ ಚಿತ್ರದಲ್ಲಿ ಬರೀ ಎರಡು ಅಂಗಾಲು ಇದ್ದದ್ದರಿಂದ ಅದನ್ನು ಹಾಕಲಿಲ್ಲ.

ಬರೆಯಲು ಕೂತನೆಂದರೆ ಅವನಿಗೆ ಲೋಕದ ಪರಿವೆಯಿಲ್ಲ. ಏನು ಕೇಳಿದರೂ ಒಂದೇ ಉತ್ತರ.

"ರೀ, ರೊಟ್ಟಿ ಆರೋಗ್ತೈತೆ, ಬರ್ತೀರಾ?"

"ಹ್ಞೂಂ."

"ಬೆಕ್ಕು ನಿಮ್ ತಟ್ಟೆಗೆ ಬಾಯಿ ಹಾಕ್ತೈತೆ, ತಿನ್ಲಿ ಅಂತ ಬಿಡ್ಲಾ?"

"ಹ್ಞೂಂ."

"ಮಳೆ ಕೈಕೊಡ್ತು ಕಣ್ರೀ. ಶನಿವಾರದಿಂದ ಹೂವಿಗೆ ನೀರು ಹೊಡೆಸ್ಲಾ?"

"ಹ್ಞೂಂ!"

ಕಾಫಿ ಗಿಡ ಮೊಗ್ಗು ಹಿಡಿದು ಕಾಯುವಾಗ ಮಳೆ ಬಾರದಿದ್ದರೆ, ಕೆರೆಯ ನೀರನ್ನು ಪಂಪಿನಲ್ಲಿ ಎಳೆದು ಸ್ಪ್ರಿಂಕ್ಲರಿನಿಂದ ಹೊಡೆಸುವುದು ಆ ಸೀಮೆಯ ಪದ್ಧತಿ. ತಡವಾದರೆ ಆ ವರ್ಷದ ಫಸಲಿಗೆ ಎಳ್ಳುನೀರು. ಇದು ದೇವೇಂದ್ರನಿಗೆ ಗೊತ್ತಿರದ ಸಂಗತಿಯೇನಲ್ಲ. ಆದರೆ ಆಗ ಅವನು ‘ನೀರೇ ನನ್ನ ಗುರು’ ಎಂಬ ವಾಕ್ಯಕ್ಕೆ ಮುಕ್ತಾಯ ಹುಡುಕುತ್ತಿದ್ದ.

ಭಾನುವಾರ ಸಕಲೇಶಪುರದ ಮುನೀರನ ಜೀಪು ಮೈಸೂರಿನ ಮೂವರು ಶಿಷ್ಯರನ್ನು ತಂದಿಳಿಸಿತು. ಬ್ಲಾಗು ಓದಿ ಮರುಳಾಗಿ ಬಂದವರು! ದೇವೇಂದ್ರ ಹಿಗ್ಗಿದ, ಮರುಕ್ಷಣವೇ ಹೆದರಿದ. ಇವರೆದುರು ಬಿದ್ದರೆ ಶಾಲೆ ಇವತ್ತೇ ಬಂದ್. ಮಾನ ಹೋಗುವುದು ಬೇರೆ.

ಕೆರೆ ಸ್ವಲ್ಪ ತಗ್ಗಿದಂತೆ ಕಂಡಿತು. ಬೇಸಿಗೆಯಲ್ಲವೇ ಅಂದುಕೊಂಡ. ಎಲ್ಲೋ ಪಂಪಿನ ಸದ್ದು ಕೇಳಿಸಿತು. ಪಕ್ಕದ ತೋಟದ್ದು ಅಂದುಕೊಂಡ. ಮಂಡಿಯೂರಿ ಹುಟ್ಟು ಹಾಕುತ್ತ ಕೆರೆಯ ನಡುವೆ ಹೋದವನು, ನಿಲ್ಲುವ ಗಳಿಗೆಯನ್ನು ಆದಷ್ಟು ಮುಂದೂಡಲು ಕೂತಲ್ಲೇ ಭಾಷಣ ಶುರುಮಾಡಿದ. ಉಸಿರಾಟ, ಬೆನ್ನುಮೂಳೆ, ಮನೋನಿಗ್ರಹ ಎಲ್ಲ ಮುಗಿದು ಬ್ರಹ್ಮಾಂಡಕ್ಕೆ ಬಂದ. ಇತ್ತ ಪಂಪು ತನ್ನ ಪಾಡಿಗೆ ಕೆರೆ ಕುಡಿಯುತ್ತಿತ್ತು.

"ಸರ್, ಒಂದ್ಸಲ ನಿಂತು ತೋರಿಸಿ!" ಎಂದರು ದಡದಲ್ಲಿ ನಿಂತು ಸುಸ್ತಾದ ಶಿಷ್ಯರು.

ಸಕಲೇಶ್ವರನನ್ನು ನೆನೆದು, ಕಣ್ಣು ಮುಚ್ಚಿ, ದೇವೇಂದ್ರ ಎದ್ದ. ಏನಾಶ್ಚರ್ಯ! ಹಲಗೆ ಅಲುಗಲಿಲ್ಲ! ಒಂದು ಕಾಲೆತ್ತಿದ. ಊಹ್ಞೂಂ, ಅಲುಗಲಿಲ್ಲ! ಚಪ್ಪಾಳೆಯೋ ಚಪ್ಪಾಳೆ. ಹೆಸರು ಬಂದರೆ ಕಾಲು ತಾವಾಗೇ ನಿಲ್ಲುತ್ತವೆ ಎಂದಿರಲಿಲ್ಲವೇ! ಅವನ ಕಣ್ಣು ತುಂಬಿ ಬಂತು.

"ದೇವೇಂದ್ರಣ್ಣಾ, ಕೆಳಗೆ ನೋಡಣ್ಣ! ಹಲಗೆ ಕೆಸರಲ್ಲಿ ಕೂತ್ಬುಟ್ಟೈತೆ! ಇಳೀಬೇಡ ಮಾರಾಯ!" ಎಂದು ಮುನೀರ ಕೂಗಿಕೊಂಡ.

ಆದರೆ ಚಪ್ಪಾಳೆಯಲ್ಲಿ ಅದ್ಯಾರಿಗೆ ಕೇಳಿಸಬೇಕು! ‘ಗುರು ನೀರಿಗಿಳಿಯುವುದೂ ಒಂದು ಕಲೆ’ ಎಂದು ತಾನೇ ಬ್ಲಾಗಿನಲ್ಲಿ ಬರೆದದ್ದು ನೆನಪಾಗಿ, ದೇವೇಂದ್ರ ಗಂಭೀರವಾಗಿ ಕಾಲು ಇಳಿಬಿಟ್ಟ. ಸೊಂಟದವರೆಗೆ ಕಲೆ ಇಳಿದುಹೋಯಿತು.

ಸ್ಪ್ರಿಂಕ್ಲರಿನ ಪೈಪು ಕೊಟ್ಟು, ಶಿಷ್ಯರೇ ಹಿಡಿದು ಎಳೆದು ಗುರುಗಳನ್ನು ದಡ ಸೇರಿಸಿದರು. ಎಳೆದದ್ದಕ್ಕಿಂತ ನಕ್ಕದ್ದೇ ಹೆಚ್ಚು. ಫೋನಿನಲ್ಲಿ ಚಿತ್ರ ತೆಗೆದದ್ದು ಅದಕ್ಕಿಂತ ಹೆಚ್ಚು.

"ಯಾರು ಪಂಪ್ ಹಾಕಿದ್ದು?" ಕೆಸರಿನ ಮುದ್ದೆ ಗುಡುಗಿತು.

"ನಾನೇ," ಎಂದಳು ಜಗದಾಂಬ. "ಹ್ಞೂಂ ಅಂದಿದ್ದು ನೀವೇ ಕಣ್ರೀ."

ಅಂದು ಸಂಜೆ ದೇವೇಂದ್ರ ಶಾಲೆಗೆ ಬೀಗ ಹಾಕುವ ಕೊನೆಯ ಬರಹ ಬರೆಯುತ್ತ ಕೂತ. ದುಃಖಕ್ಕೆ ಪದಗಳು ಬರುತ್ತಿರಲಿಲ್ಲ. ಜಗದಾಂಬ ಬಂದು ಏನೋ ಕೇಳಿದಳು. ಏನೋ ಹೇಳಿ ಕಳಿಸಿದ. ಬರಹ ಮುಗಿಯುವ ಮೊದಲೇ ಕೂತಲ್ಲೇ ನಿದ್ದೆ ಹೋದ.

ಬೆಳಿಗ್ಗೆ ಬ್ಲಾಗು ತೆರೆದರೆ ಏನಿದೆ! ಶಿಷ್ಯರು ತೆಗೆದಿದ್ದ, ಸೊಂಟದವರೆಗೆ ಕೆಸರಲ್ಲಿ ಹೂತ ಅವನದೇ ಚಿತ್ರ. ಕೆಳಗೆ: ‘ಮಳೆ ಬಂದು ಕೆರೆ ತುಂಬುವವರೆಗೆ ಪ್ರತಿ ಭಾನುವಾರ ಗುರುಗಳನ್ನು ಕೆಸರಿನಿಂದ ಎಳೆಯುವ ಆಟ. ಕಾಫಿ, ಕಡುಬು ಉಂಟು.’ ಅದರ ಕೆಳಗೆ ಬರುತ್ತೇವೆ, ಬರುತ್ತೇವೆ ಎಂದು ಜನ ಸಾಲುಗಟ್ಟಿದ್ದರು.

"ಜಗದಾಂಬಾ! ಯಾರನ್ನ ಕೇಳಿ ಹಾಕ್ದೆ ಇದನ್ನ?"

"ನಿಮ್ಮನ್ನೇ ಕಣ್ರೀ. ನಿನ್ನೆ ಸಂಜೆ, ಬರೀತಾ ಕೂತಿದ್ರಲ್ಲ, ಆಗ." ಅವಳು ಕಾಫಿ ಲೋಟ ಮುಂದಿಟ್ಟಳು. "ಭಾನುವಾರಕ್ಕೆ ಹಳೇ ಚಡ್ಡಿ ಒಗೆದಿಡ್ಲಾ?"

ದೇವೇಂದ್ರ ಲ್ಯಾಪ್‌ಟಾಪು ಮುಚ್ಚಿ, ಮೊದಲ ಬಾರಿಗೆ ಹೆಂಡತಿಯ ಮಾತನ್ನು ಪೂರ್ತಿ ಕೇಳಿಸಿಕೊಂಡು, ಚೆನ್ನಾಗಿ ಯೋಚಿಸಿ, ಉತ್ತರ ಕೊಟ್ಟ:

"ಹ್ಞೂಂ."