ಕ್ರೇನಿನ ಗಂಟೆಗೆ ಟವೆಲ್ ಸುತ್ತುವುದನ್ನು ನಿಷೇಧಿಸಿರುವ ಬಗ್ಗೆ

ಉಕ್ಕು ಕಾರ್ಖಾನೆ ಕಾರ್ಮಿಕರ ಸಂಘ
ಸುರಕ್ಷತಾ ಉಪಸಮಿತಿ

ಸಂಖ್ಯೆ: ಕಾಸಂ/ಸುಉಸ/ಗಂಟೆ/ತುರ್ತು

ವಿಷಯ: ಸುರಕ್ಷತೆಯ ವಿಜಯೋತ್ಸವದಲ್ಲಿ ಸಂಘದ ಕಾರ್ಯದರ್ಶಿಯೇ ಕೂದಲೆಳೆಯ ಅಂತರದಲ್ಲಿ ಪಾರಾದ ಬಗ್ಗೆ.

ಉಲ್ಲೇಖ: ಕ್ರೇನಿಗೆ ಗಂಟೆ ಹಾಕಿಸಲು ಸಂಘ ನಡೆಸಿದ ಮುಷ್ಕರ.

ತಲೆಯ ಮೇಲೆ ಓಡಾಡುವ ಕ್ರೇನ್ ಸದ್ದಿಲ್ಲದೆ ಬಂದು ಹಿರಿಯ ಸದಸ್ಯರಾದ ವೆಲ್ಡರ್ ಮಾವನ ಕಾಲು ಮುರಿದ ಮೇಲೆ, ಸಂಘವು ಹೋರಾಡಿ ಅದಕ್ಕೆ ಗಂಟೆ ಹಾಕಿಸಿದ್ದು ಸರಿಯಷ್ಟೆ. ಸದರಿ ಗಂಟೆಯ ಗೌರವಾರ್ಥ ಕ್ರೇನಿನ ಕೆಳಗೇ ಸಭೆ ಏರ್ಪಡಿಸಲಾಗಿತ್ತು. ಗಂಟೆಯು ಕಾರ್ಯದರ್ಶಿಯ ಭಾಷಣಕ್ಕೆ ಪದೇ ಪದೇ ಅಡ್ಡಿಪಡಿಸಿದ್ದರಿಂದ, ಅವರದೇ ಸೂಚನೆಯಂತೆ ಖಜಾಂಚಿಯು ಏಣಿ ಹತ್ತಿ ಅದಕ್ಕೆ ಟವೆಲ್ ಸುತ್ತಿದರು. ಇದನ್ನರಿಯದೆ, ಗಂಟೆ ಕೇಳಿ ಜನ ಸರಿಯುತ್ತಾರೆಂದು ನಂಬಿದ ಚಾಲಕರು ಉಕ್ಕಿನ ಹಲಗೆಯನ್ನು ತೂಗಿಸಿಕೊಂಡು ಬಂದರು. ಕಸ ಗುಡಿಸುವ ಗುತ್ತಿಗೆಯ ಅಕ್ಕ "ಅಣ್ಣಾ, ಬಗ್ಗಿ" ಎಂದು ಕೂಗಿದರು. "ನಾವು ಯಾರಿಗೂ ಬಗ್ಗೋರಲ್ಲ" ಎಂದು ಕಾರ್ಯದರ್ಶಿಯು ಮೈಕಿನಲ್ಲಿ ಘೋಷಿಸಿದರು. ಅಕ್ಕ ಕಾಲರ್ ಹಿಡಿದು ಎಳೆದರು. ಅಂಗಿ ಹರಿಯಿತು. ಮೈಕು ಅಪ್ಪಚ್ಚಿಯಾಯಿತು.

ಆದ್ದರಿಂದ ಸದಸ್ಯರೆಲ್ಲರಿಗೂ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಗಂಟೆಗೆ ಯಾವುದೇ ಬಟ್ಟೆ ಸುತ್ತತಕ್ಕದ್ದಲ್ಲ. ಸಂಘದ ಬಾವುಟವೂ ಬಟ್ಟೆಯೇ ಎಂಬುದನ್ನು ಗಮನಿಸುವುದು.

2. ಗಂಟೆ ಹೊಡೆದಾಗ ಭಾಷಣಕಾರನು ಓಡತಕ್ಕದ್ದು. ವಾಕ್ಯ ಮುಗಿಸಲು ಕಾಲಾವಕಾಶ ಕೋರುವಂತಿಲ್ಲ.

3. ಓಡುವಾಗ ಸೇವಾ ಹಿರಿತನವನ್ನು ಪಾಲಿಸುವ ಅಗತ್ಯವಿಲ್ಲ. ಅಧ್ಯಕ್ಷರು ಎಲ್ಲರಿಗಿಂತ ಮೊದಲೇ ಓಡಿದ್ದಕ್ಕೆ ಘಟನೋತ್ತರ ಮಂಜೂರಾತಿ ನೀಡಲಾಗಿದೆ.

4. "ಬಗ್ಗಿ" ಎಂದು ಸದಸ್ಯರಲ್ಲದವರು ಕೂಗಿದರೂ ಬಗ್ಗತಕ್ಕದ್ದು. ಕೂಗಿದವರ ಸದಸ್ಯತ್ವವನ್ನು ಎದ್ದ ನಂತರ ಪರಿಶೀಲಿಸಬಹುದು.

5. ಗುತ್ತಿಗೆಯವರೆಂಬ ಕಾರಣಕ್ಕೆ ಹಿಂದೆ ಸಂಘದ ಬಾಗಿಲಿನಿಂದಲೇ ವಾಪಸು ಕಳುಹಿಸಲಾಗಿದ್ದ ಸದರಿ ಅಕ್ಕನನ್ನು ಉಪಸಮಿತಿಗೆ ಬರುವಂತೆ ಕೋರಲಾಗಿತ್ತು. "ನಾನೊಬ್ಬಳೇ ಬಂದು ಏನ್ ಮಾಡ್ಲಿ? ನಮ್ಮೋರ ತಲೆ ಮೇಲೂ ಅದೇ ಕ್ರೇನ್ ಓಡಾಡುತ್ತೆ. ಸೇರಿಸ್ಕೊಳ್ಳೋದಾದ್ರೆ ಎಲ್ರನ್ನೂ ಸೇರಿಸ್ಕೊಳ್ಳಿ" ಎಂದು ಅವರು ತಿಳಿಸಿರುತ್ತಾರೆ. ಕಾರ್ಯಕಾರಿ ಸಮಿತಿಯು ಈ ಬಗ್ಗೆ ಸುದೀರ್ಘವಾಗಿ ಚರ್ಚಿಸಲು ಯತ್ನಿಸಿ, ಚಹಾ ಬರುವ ಮೊದಲೇ ಒಪ್ಪಿಕೊಂಡಿದೆ. ಗುತ್ತಿಗೆ ಕಾರ್ಮಿಕರೆಲ್ಲರೂ ನಾಳೆಯಿಂದ ಸಂಘದ ಸದಸ್ಯರು.

ಸಹಿ/-
ಕಾರ್ಯದರ್ಶಿ
(ಮುಂದಿನ ಚುನಾವಣೆಯವರೆಗೆ)

ಪ್ರತಿಗಳು:

1. ಕ್ರೇನ್ ಚಾಲಕರಿಗೆ: ತಪ್ಪು ತಮ್ಮದಲ್ಲ. ಕೆಳಗಿಳಿದು ಬಂದು ಊಟ ಮಾಡತಕ್ಕದ್ದು.

2. ವೆಲ್ಡರ್ ಮಾವನವರಿಗೆ: ತಮ್ಮ ಕಾಲಿನಿಂದಾಗಿ ಬಂದ ಗಂಟೆಯ ಬಾಯಿ ಕಟ್ಟಿಸಿದ್ದಕ್ಕೆ ಕ್ಷಮೆ ಕೇಳಲು ಕಾರ್ಯದರ್ಶಿಯು ಖುದ್ದಾಗಿ ಮನೆಗೆ ಬರುವರು. ಭಾಷಣ ಇರುವುದಿಲ್ಲ.

3. ಕಾರ್ಯದರ್ಶಿಯ ಪತ್ನಿಯವರಿಗೆ: ಕಳುಹಿಸತಕ್ಕದ್ದಲ್ಲ. ಅಂಗಿಯು ಬಾಗಿಲ ಚಿಲಕಕ್ಕೆ ಸಿಕ್ಕಿ ಹರಿದಿದೆ ಎಂದು ಅವರಿಗೆ ಈಗಾಗಲೇ ತಿಳಿಸಲಾಗಿದೆ.